ಉಮೆಸಲ್ಮಾಳ ಮೂರು ಸೆಕೆಂಡು

ಶಹಾಪುರದಾಗ ಉಮೆಸಲ್ಮಾ ಅಂತ ಹೆಸರು ಹಿಡಿದು ಕೇಳಿದ್ರ ಯಾರಿಗೂ ತಟ್ಟನೆ ಗೊತ್ತಾಗಂಗಿಲ್ಲ. "ಸರದಾರಸಾಬನ ಮಗಳು, ಮೋಟರ್ ಸುತ್ತಾಕಿ" ಅಂದ್ರ ಸಾಕು, ಬಸ್ ಸ್ಟ್ಯಾಂಡಿನ ಬಾಳಿಹಣ್ಣಿನ ಬಂಡಿಯವನೂ ಕೈ ಮಾಡಿ ಅಂಗಡಿ ತೋರಸ್ತಾನ. ಸರದಾರಸಾಬ ಮೂವತ್ತು ವರ್ಷ ಸುಟ್ಟ ಪಂಪ್‌ಸೆಟ್ ಮೋಟರಿಗೆ ತಾಮ್ರದ ತಂತಿ ಸುತ್ತಿದ ಮನುಷ್ಯ. ಅವ ತೀರಿಕೊಂಡ ಮ್ಯಾಲ ಯಾದಗಿರಿಯೊಳಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿಕೊಂಡು ಬಂದ ಮಗಳು ಅದ ಅಂಗಡಿಯೊಳಗ, ಅದ ಸ್ಟೂಲಿನ ಮ್ಯಾಲ ಕುಂತ್ಳು. ಮೊದಮೊದಲು ಬಂದ ಗಿರಾಕಿಗಳು ಅಕಿಯನ್ನ "ಮಿಸ್ತ್ರಿ ಎಲ್ಲ್ಯಾರ?" ಅಂತ ಕೇಳೋರು. "ನಾನ ರೀ" ಅಂದ್ರ ನಕ್ಕೊಂತ ಹೊರಗಿನ ಬಾಕಿನ ಮ್ಯಾಲ ಕುಂತು ಮಿಸ್ತ್ರಿ ಬರೋ ದಾರಿ ಕಾಯೋರು. ಕಾಯ್ಲಿ ಬಿಡ್ರಿ. ಸಂಜೀಕ ಮೋಟರ್ ಗುಂಯ್ ಅಂದ ಮ್ಯಾಲ ಬಾಯಿ ಮುಚ್ಚಿಕೊಂಡು ಹೊತ್ತುಕೊಂಡು ಹೋಗೋರು.

ಅಕಿಗೆ ಇದ್ದದ್ದು ಒಂದ ಬ್ಯಾನಿ, ಚಿಂತಿ. ಅಂಗಡಿಗೆ ಕೀಲಿ ಹಾಕಿ ಅರ್ಧ ದಾರಿ ಹೋದಾಕಿ, ಬೆಸಗಿ ಹಾಕೋ ಕಬ್ಬಿಣ ಆರಿಸಿದ್ನೋ ಇಲ್ಲೋ ಅಂತ ತಿರುಗಿ ಬರೋದು. ನೋಡಿ, ಮತ್ತ ಕೀಲಿ ಹಾಕಿ, ಮತ್ತ ಅರ್ಧ ದಾರಿ ಹೋಗಿ, ಮತ್ತ ಬರೋದು. ಅವರವ್ವ ಕುಬ್ರಾಬೇಗಂ ಓಣಿಯವರ ಮುಂದ ಹೇಳೋಳು: "ಇವಳಿಗೆ ವಹಮ್, ಸಂಶಯದ ಪೀಡಾ ಹಿಡದೈತ್ರಿ. ನಿಕಾಹ್ ಆದ ಮರುದಿನ ಖಾಜಿ ಸಾಬರನ್ನ ಕರೆಸಿ, 'ಖರೇ ಆಗೈತಿಲ್ರೀ?' ಅಂತ ಮತ್ತೊಮ್ಮಿ ಕೇಳ್ತಾಳ ನೋಡ್ರಿ."

ಇಂಥಾ ಚಿಂತಿಗಾರತಿ ಮೂವತ್ತೊಂದು ವರ್ಷದಾಗ ಒಂದ ಒಂದು ಸಲ ಚಿಂತಿ ಮಾಡೋದು ಮರತ್ಳು. ಮರತದ್ದು ಎಂಥಾ ಜಾಗಾದಾಗ ಅಂತೀರಿ!

ಎರಡು ವರ್ಷದ ಹಿಂದ ಅಕಿ ಜೋಳದ ರೊಟ್ಟಿ ಮಾಡೋ ಮಷೀನ್ ಕಟ್ಟಾಕ ಶುರು ಮಾಡಿದ್ಳು. ಎರಡು ಉಕ್ಕಿನ ರೋಲರು, ನಡುವ ರೊಟ್ಟಿ ದಪ್ಪದಷ್ಟು ಸಂದಿ. ಮ್ಯಾಲಿಂದ ನಾದಿದ ಹಿಟ್ಟಿನ ಉಂಡಿ ಕೊಟ್ರ ಕೆಳಗ ಅಗಲಾಗಿ ಇಳೀತೈತಿ, ಕತ್ತರಿಸಿ ಹಂಚಿಗೆ ಹಾಕೋದು. ಮಷೀನಿನ ಹೊಟ್ಟಿಯೊಳಗ ಒಂದು ಬೋರ್ಡು, ಬೋರ್ಡಿನ ಮ್ಯಾಲ ಉಗುರಿನಷ್ಟು ಒಂದು ಮೈಕ್ರೊಕಂಟ್ರೋಲರ್ ಚಿಪ್ಪು. ಅದು ಮೋಟರಿಗೆ ಹೋಗೋ ಕರೆಂಟನ್ನ ಸೆಕೆಂಡಿಗೆ ಸಾವಿರಾರು ಸಲ ಹಚ್ಚತೈತಿ, ಆರಸತೈತಿ. ಹಚ್ಚಿದ ಹೊತ್ತು ಹೆಚ್ಚಾದ್ರ ರೋಲರ್ ಜೋರ ತಿರಗತೈತಿ, ಕಡಿಮಿ ಆದ್ರ ಸಾವಕಾಶ. ಇದಕ್ಕ ಪಿಡಬ್ಲ್ಯುಎಂ ಅಂತಾರ. ಇದು ಎಲ್ಲಾರ ಮಷೀನಿನೊಳಗೂ ಇರ್ತೈತಿ, ಇದರಾಗ ಉಮೆಸಲ್ಮಾಳ ದೊಡ್ಡಸ್ತಿಕಿ ಏನಿಲ್ಲ.

ಅಕಿ ಹೆಮ್ಮಿ ಪಟ್ಟದ್ದು ಮತ್ತೊಂದಕ್ಕ. ಅದ ಚಿಪ್ಪಿನೊಳಗ ಕಂಪ್ಯಾರೇಟರ್ ಅಂತ ಒಂದು ಭಾಗ ಇರ್ತೈತಿ. ಅದರದು ತಕ್ಕಡಿ ಕೆಲಸ. ಒಂದು ಕಡೆ ನಾವು ಇಟ್ಟ ಮಿತಿ, ಇನ್ನೊಂದು ಕಡೆ ಮೋಟರ್ ಎಳೆಯೋ ಕರೆಂಟಿನ ಲೆಕ್ಕದ ವೋಲ್ಟೇಜು. ರೋಲರಿನಾಗ ಏನರ ಸಿಕ್ಕೊಂಡ್ರ ಮೋಟರ್ ತಿಣುಕಿ ಜಾಸ್ತಿ ಕರೆಂಟ್ ಎಳೀತೈತಿ. ಮಿತಿ ದಾಟಿತೋ ಇಲ್ಲೋ, ಕಂಪ್ಯಾರೇಟರ್ ಪ್ರೋಗ್ರಾಮನ್ನ ಒಂದು ಮಾತೂ ಕೇಳದ ಪಿಡಬ್ಲ್ಯುಎಂ ಬಂದ್ ಮಾಡಿ ಒಗೀತೈತಿ. ಕಣ್ಣು ಮುಚ್ಚಿ ತೆರೆಯೋದರೊಳಗ ರೋಲರ್ ನಿಂತಿರ್ತೈತಿ. ಪ್ರೋಗ್ರಾಮಿಗೆ ಆಮ್ಯಾಲ ಗೊತ್ತಾಗೋದು. ಹಂಗ ಟ್ರಿಪ್ ಆದ ಮಷೀನ್ ತಾನಾಗಿ ಏಳಂಗಿಲ್ಲ, ಯಾರರ ಬಂದು ಕೆಂಪು ಬಟನ್ ಒತ್ತಬೇಕು. ಮಿತಿ ಇಡೋ ಸಣ್ಣ ತಿರುಪಿನ ಮ್ಯಾಲ ಯಾರೂ ಕೈ ಆಡಿಸಬಾರದು ಅಂತ ಉಮೆಸಲ್ಮಾ ಅವ್ವನ ಉಗುರಿನ ಬಣ್ಣ ಹಚ್ಚಿ ಮುಚ್ಚತಿದ್ಳು.

ಮೊದಲನೇ ಮಷೀನ್ ಹೋದದ್ದು ಸುರಪುರದ ರಂಗಂಪೇಟಿಗೆ, ಅಮೃತಮ್ಮನ ಮನಿಗೆ. ಅಮೃತಮ್ಮ, ಗಂಡ ಲಾಲಪ್ಪ, ಸೊಸಿ ದೇವಿಕಾ, ಮೂವರೂ ಕೂಡಿ ಖಡಕ್ ರೊಟ್ಟಿ ಮಾಡಿ ಯಾದಗಿರಿ ಖಾನಾವಳಿಗೆ ಕಳಸ್ತಿದ್ರು. ಮಗ ಮರಿಲಿಂಗ ಕಡೇಚೂರಿನ ಫ್ಯಾಕ್ಟರಿಯೊಳಗ ಇದ್ದ, ವಾರಕ್ಕೊಮ್ಮಿ ಬರೋದು.

ಜೋಳದ ಹಿಟ್ಟಿನ ಸ್ವಭಾವ ಗೊತ್ತಲ್ರೀ? ಬಿಸಿ ಎಸರು ಹಾಕಿ ನಾದಿದಾಗ ಬೆಣ್ಣಿ ಇದ್ದಂಗ ಇರ್ತೈತಿ. ಆರಿತು ಅಂದ್ರ ಬಿರುಸಾಗಿ ಬಿರೀತೈತಿ. ಆರಿದ ಹಿಟ್ಟು ಹೋದಾಗೊಮ್ಮಿ ಮಷೀನ್ ಟ್ರಿಪ್. ಅಮೃತಮ್ಮನ ಫೋನು ದಿನಕ್ಕ ಮೂರು ಸಲ.

"ಸಲ್ಮಾ, ಮತ್ತ ನಿಂತೈತಿ ನೋಡವ್ವ ನಿನ್ನ ಮಷೀನು!"

"ಬಟನ್ ಒತ್ರಿ ಅಮೃತಮ್ಮಾರ."

"ಯಾವ ಕೈಲೆ ಒತ್ತಲಿ? ಎರಡೂ ಕೈ ಹಿಟ್ಟಾಗ್ಯಾವ. ಕೈ ತೊಳಕೊಂಡು ಬಂದು ಒತ್ತೋದರಾಗ ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾಗತೈತಿ. ತೊಳಿದ ಒತ್ತಿದ್ರ ನಿನ್ನ ಬಟನ್ನಿನಾಗ ಹಿಟ್ಟು ಹೊಕ್ಕು ಒಳಗ ಹೋದದ್ದು ಹೊರಗ ಬರಂಗಿಲ್ಲ. ನನಗ ಮೂರನೇ ಕೈ ಹಚ್ಚಿ ಕೊಡು, ಇಲ್ಲಂದ್ರ ಈ ಬಟನ್ ಪೀಡಾ ತಗದು ಒಗಿ."

ಉಮೆಸಲ್ಮಾಗೂ ಖರೇ ಅನಿಸ್ತು. ಪ್ರೋಗ್ರಾಮಿನೊಳಗ ಒಂದ ಸಾಲು ಬದಲಿ ಮಾಡಿದ್ಳು. ಟ್ರಿಪ್ ಆದ ಮಷೀನ್ ಮೂರು ಸೆಕೆಂಡ್ ಕಾದು ತಾನ ಮತ್ತ ಶುರು ಆಗಬೇಕು. ಅಂಗಡಿಯೊಳಗ ಒಂದು ಹಳೇ ಬಟ್ಟಿ ಉಂಡಿ ಮಾಡಿ ರೋಲರಿಗೆ ಕೊಟ್ಟು ನೋಡಿದ್ಳು. ನಿಂತ್ತು. ಬಟ್ಟಿಯ ಉದ್ದನ ಚುಂಗು ದೂರ ನಿಂತು ಎಳೆದು ತಗದ್ಳು. ಮೂರು ಸೆಕೆಂಡಿಗೆ ರೋಲರ್ ತಿರಗಾಕ ಹತ್ತಿತು. ಶಾಬಾಸ್ ಅಂತ ತನ್ನ ಬೆನ್ನು ತಾನ ಚಪ್ಪರಿಸಿಕೊಂಡ್ಳು. ಸೋಮವಾರ ತಾನ ಸುರಪುರಕ್ಕ ಹೋಗಿ ಅಮೃತಮ್ಮನ ಮಷೀನಿಗೆ ಅದ ಪ್ರೋಗ್ರಾಮ್ ಹಾಕಿ, ಹಿಟ್ಟು ತಗದ್ರ ಸಾಕು, ತಾನ ಏಳತೈತಿ ಅಂತ ಹೇಳಿ, ಕೆಂಪು ಬಟನ್ ಕಿತ್ತು ಚೀಲದಾಗ ಹಾಕಿಕೊಂಡು ಬಂದ್ಳು. ಅವತ್ತು ಅಂಗಡಿ ಕೀಲಿ ಹಾಕಿ ತಿರುಗಿ ನೋಡದ ಮನಿಗೆ ಹೋದ್ಳು ಅಂತ ಕುಬ್ರಾಬೇಗಂ ಇವತ್ತಿಗೂ ಹೇಳ್ತಾಳ.

ಬುಧವಾರ ಮುಂಜಾನಿ, ಸಗರ ಊರಿನವರು ಹೇಳಿ ಕಟ್ಟಿಸಿದ ಎರಡನೇ ಮಷೀನ್ ಅದ ಹೊಸ ಪ್ರೋಗ್ರಾಮಿನ ಜೋಡಿ ತಯಾರಿತ್ತು. ಖರೇ ಹಿಟ್ಟು ಹಾಕಿ ನೋಡೋಣ ಅಂತ ಕುಬ್ರಾಬೇಗಂ ಮನಿಯಿಂದ ಬುಟ್ಟಿ ತುಂಬ ಜೋಳದ ಹಿಟ್ಟು ನಾದಿಕೊಂಡು ಬಂದ್ಳು. ದಾರಿಯಾಗ ಯಾರ ಜೋಡಿನೋ ಮಾತಾಡಕೋತ ನಿಂತು ಹಿಟ್ಟು ಆರಿಸಿಕೊಂಡ ಬಂದಿದ್ಳು. ಮೂರನೇ ಉಂಡಿಗೆ ಮಷೀನ್ ಗಪ್ ಅಂತು.

"ಅಯ್ಯ, ಸಿಕ್ಕೊಂಡೈತಿ" ಅಂದಾಕಿನ ಮುದುಕಿ ಬಗ್ಗಿ ರೋಲರಿನ ಬಾಯಿಗೆ ಬೆರಳು ಹಾಕಿ ಹಿಟ್ಟು ಕೆದರಾಕ ಹತ್ತಿದ್ಳು. ಒಲಿ ಮುಂದ ಕುಂತ ಯಾವ ಹೆಣ್ಣುಮಗಳಾದ್ರೂ ಹಂಗ ಮಾಡಾಕಿ. ಹಿಟ್ಟಿಗೆ ಬೆರಳ ಔಜಾರು, ಅದಕ್ಕ ಯಾರೂ ಇಕ್ಕಳ ಹುಡುಕಂಗಿಲ್ಲ.

ಉಮೆಸಲ್ಮಾ ಮೀಟರ್ ನೋಡಾಕತ್ತಿದ್ಳು. ಅವ್ವನ ಬೆರಳು ಕಂಡು ಏಳಾಕ ಹೋದ್ಳು. ಅಷ್ಟರಾಗ ಹಿಟ್ಟಿನ ಮುದ್ದಿ ಅವ್ವನ ಕೈಗೆ ಬಂತು, ಮುದುಕಿ ಸೆಟದು ನಿಂತ್ಳು, ರೋಲರ್ ತಿರಗಿತು. ಬೆರಳು ಸಿಗಲಿಲ್ಲ, ಸೆರಗು ಸಿಕ್ತು. ಗಕ್ಕನ ಎಳೀತು, ನಿಂತ್ತು. "ಅರೇ ಅರೇ, ನನ್ನ ಸೀರಿ" ಅಂತ ಕುಬ್ರಾಬೇಗಂ ಬಿಡಿಸಿಕೊಳ್ಳಾಕ ಬಗ್ಗಿದ್ಳು. ಒಂದು, ಎರಡು, ಮೂರು. ಮತ್ತ ಎಳೀತು. ಈ ಸಲ ಮುದುಕಿ ಗದ್ದ ರೋಲರಿಗೆ ಒಂದು ಗೇಣು ದೂರ ಬಂದಿತ್ತು. ಉಮೆಸಲ್ಮಾ ಹಾರಿ ಬಂದು ಪ್ಲಗ್ ಕಿತ್ತು ಒಗದ್ಳು.

ಕುಬ್ರಾಬೇಗಂಗೆ ಏನೂ ಆಗಿರಲಿಲ್ಲ, ಸೆರಗು ಹರಿದದ್ದಕ್ಕ ಬೈಯಾಕತ್ತಿದ್ಳು. ಉಮೆಸಲ್ಮಾ ಮಾತ್ರ ರೋಲರ್ ನೋಡಕೋತ ನೆಲದ ಮ್ಯಾಲ ಕುಂತ್ಳು. ಅಲ್ಲಾ! ಸಿಕ್ಕೊಂಡಾಗ ಮಷೀನ್ ನಿಲ್ಲತೈತಿ. ನಿಂತಾಗನ ಹೆಣ್ಣುಮಕ್ಕಳು ಕೈ ಹಾಕ್ತಾರ. ಕೈ ಒಳಗಿದ್ದಾಗನ ಅದು ಏಳತೈತಿ. ತಾ ಹಾಕಿದ ಆ ಒಂದು ಸಾಲು ಕೈ ಬರೋತನಕ ಬಾಯಿ ತೆರೆದು ಕಾಯಾಕತ್ತೈತಿ. ಸುರಪುರದಾಗ ಸೋಮವಾರದಿಂದ.

ಅಮೃತಮ್ಮನ ಫೋನಿಗೆ ಹಚ್ಚಿದ್ಳು. ರಿಂಗ್ ಆಗಿ ಆಗಿ ನಿಂತ್ತು. ಮತ್ತ ಹಚ್ಚಿದ್ಳು. ಮತ್ತ. ನಾಕನೇ ಸಲಕ್ಕ ಸ್ವಿಚ್ ಆಫ್ ಅಂತು. ಆ ಮನಿಯ ಬ್ಯಾರೆ ನಂಬರ್ ಅಕಿ ಕಡೆ ಇರಲಿಲ್ಲ. ಲ್ಯಾಪ್‌ಟಾಪು, ಪ್ರೋಗ್ರಾಮ್ ಹಾಕೋ ಕೇಬಲ್ಲು, ಮೊನ್ನೆ ಕಿತ್ತು ತಂದ ಕೆಂಪು ಬಟನ್ನು ಚೀಲಕ್ಕ ತುರುಕಿಕೊಂಡು ಓಡಿದ್ಳು.

"ಅಂಗಡಿ ಕೀಲಿ?" ಅಂತ ಅವ್ವ ಕೂಗಿದ್ಳು.

"ಇರ್ಲಿ ಅಮ್ಮಿ!"

ಬಸ್ಸಿನಾಗ ಕಿಡಕಿ ಬಾಜೂ ಜಾಗಾ ಸಿಕ್ತು. ಕುಂತಾಕಿಗೆ ಕುಂಡಿ ಊರಲಿಲ್ಲ. ಗುಡ್ಡ ಹಿಂದ ಬಿತ್ತು, ಕಾಲಿವಿ ಬಂತು, ಗದ್ದಿ ಬಂದ್ವು, ಒಂದೂ ಅಕಿ ಕಣ್ಣಿಗೆ ಬೀಳಲಿಲ್ಲ. ಸುರಪುರಕ್ಕ ನಲವತ್ತು ನಿಮಿಷ. ಅಂದ್ರ ಎರಡು ಸಾವಿರದ ನಾಕನೂರು ಸೆಕೆಂಡು. ಅಂದ್ರ ಎಂಟನೂರು ಸಲ ಮೂರು ಸೆಕೆಂಡು. ಇಂಥಾ ಹಾಳ ಲೆಕ್ಕ ಬ್ಯಾಡಂದ್ರೂ ತಲಿಯಾಗ ತಾನ ಓಡಾಕತ್ತಿತ್ತು. ಅವರು ಬಿಸಿ ಹಿಟ್ಟ ಹಾಕಿರಬೇಕು, ಸಿಕ್ಕೊಂಡಿರಲಿಕ್ಕಿಲ್ಲ. ಸಿಕ್ಕೊಂಡ್ರೂ ಕಟಿಗಿ ಹಾಕಿ ತಗದಿರಬೇಕು. ಇಲ್ಲ, ಅಮೃತಮ್ಮ ಕಟಿಗಿ ಹುಡುಕೋ ಪೈಕಿ ಅಲ್ಲ. ಫೋನ್ ಯಾಕ ಬಂದ್ ಆತು? ಬ್ಯಾಟರಿ ಮುಗದಿರಬೇಕು. ರಿಂಗ್ ಆದದ್ದು ಯಾರಿಗೂ ಯಾಕ ಕೇಳಲಿಲ್ಲ? ದವಾಖಾನಿಯೊಳಗಿದ್ರ ಕೇಳಂಗಿಲ್ಲ.

"ಎಲ್ಲಿಗಮ್ಮಾ?" ಅಂತ ಕಂಡಕ್ಟರ್ ಎರಡು ಸಲ ಕೇಳಿದ.

"ಮೂರು" ಅಂದ್ಳು ಅಕಿ.

"ಮೂರು ಟಿಕೆಟ್ಟಾ?"

"ಅಲ್ರೀ, ಒಂದು. ಸುರಪುರ." ಕಂಡಕ್ಟರ್ ಅಕಿ ಮಾರಿ ನೋಡಿ ಟಿಕೆಟ್ ಹರಿದು ಕೊಟ್ಟ.

ಸುರಪುರದಾಗ ಇಳಿದು ಆಟೋ ಹಿಡಿದು ರಂಗಂಪೇಟಿಗೆ ಬಂದಾಗ ಓಣಿ ತುದಿಗೆನ ರೋಲರಿನ ಸಪ್ಪಳ ಕೇಳಿಸ್ತು. ಗರ್ ಅಂತ ಮಷೀನ್ ಓಡಾಕತ್ತಿತ್ತು. ಉಮೆಸಲ್ಮಾಗೆ ಹೋದ ಜೀವ ಬಂದಂಗಾತು. ಓಡತೈತಿ ಅಂದ್ರ ಏನೂ ಆಗಿಲ್ಲ, ಎಲ್ಲಾರೂ ಅದಾರ, ಇನ್ನ ಹೋಗಿ ಬಟನ್ ಹಾಕಿದ್ರಾತು. ಹೊಸ್ತಿಲಾ ದಾಟೋದರಾಗ ಸಪ್ಪಳ ನಿಂತ್ತು.

ಪಡಸಾಲಿಯೊಳಗ ಅಮೃತಮ್ಮ ಮಷೀನಿನ ಮುಂದ ಕುಂತಿದ್ಳು. ಹಿಟ್ಟು ಸಿಕ್ಕೊಂಡಿತ್ತು. ಅಕಿ ಬಲಗೈ ಎತ್ತಿ ರೋಲರಿನ ಬಾಯಿ ಕಡೆ ಒಯ್ದಿದ್ಳು.

"ಕೈ!" ಅಂತ ಉಮೆಸಲ್ಮಾ ಚೀರಿದ್ಳು. ಬುಟ್ಟಿ ಒದ್ದು, ಅಮೃತಮ್ಮನ ಮ್ಯಾಲ ಬಿದ್ದಂಗ ಹೋಗಿ ಗ್ವಾಡಿಯ ಪ್ಲಗ್ ಜಗ್ಗಿದ್ಳು. ನಾದಿದ ಹಿಟ್ಟು ನೆಲದ ತುಂಬ ಆತು.

"ಅಯ್ಯ ನಿನ್ನ! ಹುಚ್ಚ ಹಿಡದೈತೇನ ಹುಡುಗಿ?" ಅಂತ ಅಮೃತಮ್ಮ ಎದಿ ಹಿಡಕೊಂಡ್ಳು.

ಆಗ ಉಮೆಸಲ್ಮಾ ಸುತ್ತ ನೋಡಿದ್ಳು. ಮೂಲಿಯೊಳಗ ದೇವಿಕಾ ಕುಂತಿದ್ಳು. ಇಪ್ಪತ್ತೆರಡರ ಹುಡುಗಿ, ಮಾರಿ ಅತ್ತು ಊದಿತ್ತು. ಬಲಗೈ ಮಣಿಕಟ್ಟಿನತನಕ ಬಿಳಿ ಪಟ್ಟಿ.

"ಏನಾತ್ರಿ ಇವರಿಗೆ?" ಕೇಳಿದ್ಳು ಉಮೆಸಲ್ಮಾ. ಏನಾತು ಅಂತ ಗೊತ್ತಿತ್ತು.

"ಏನಾಗತೈತಿ, ಹಣೇಬರ" ಅಂದ್ಳು ಅಮೃತಮ್ಮ. "ನಿನ್ನೆ ಸಂಜೀಕ ಇಕಿ ಒಂದು ಕಿವಿಗೆ ನನ್ನ ಫೋನ್ ಹಚ್ಚಿಕೊಂಡು, ಕಡೇಚೂರಿನ ಗಂಡನ ಜೋಡಿ ಮಾತಾಡಕೋತ ರೋಲರಿನಾಗ ಕೈ ಕೊಟ್ಟಾಳ. ಎರಡು ಬೆರಳಿನ ಎಲುಬು ಮುರದಾವ, ಒಂದು ಉಗುರು ಹೋಗೈತಿ. ರಾತ್ರಿತನಕ ದವಾಖಾನಿ. ಎಷ್ಟು ಸಲ ಹೇಳೀನಿ, ಕೆಲಸದಾಗ ಫೋನ್ ಹಿಡೀಬ್ಯಾಡ ಅಂತ! ಇವತ್ತು ಅದು ಒಂದ ಸವನ ರಿಂಗ್ ಆಗಾಕತ್ತಿತ್ತು, ಬಂದ್ ಮಾಡಿ ಸಂದೂಕದಾಗ ಇಟ್ಟೀನಿ. ನಿನ್ನ ಮಷೀನ್ ಛಲೋ ಐತವ್ವ, ಅದಕ್ಯಾಕ ಅನ್ನೋದು. ಖಾನಾವಳಿಯವರಿಗೆ ಮಾತು ಕೊಟ್ಟೀವಿ, ಅದಕ್ಕ ನಾನ ಕುಂತೀನಿ."

ದೇವಿಕಾ ತಲಿ ಎತ್ತಲಿಲ್ಲ. "ನಿಂತಿತ್ತ್ರಿ ಅತ್ತಿ" ಅಂದ್ಳು ಸಣ್ಣ ದನಿಲೆ. "ಮಷೀನ್ ನಿಂತಿತ್ತು. ನಿಂತ ಮ್ಯಾಲನ ನಾ ಕೈ ಹಾಕಿದ್ದೆ."

"ಮತ್ತ ಅದನ್ನ ಅಂತೀ! ಹಿಟ್ಟು ತಗದ ಮ್ಯಾಲಲ್ಲ ಅದು ಏಳೋದು, ಒಳಗ ಕೈ ಇದ್ದಾಗ ನಿಂತ ಮಷೀನ್ ಹೆಂಗ ಹಿಡೀತೈತಿ? ಮರಿಲಿಂಗನೂ ಫೋನಿನಾಗ ಅದನ್ನ ಬೈದ, ತಪ್ಪು ಮಾಡಿ ಸುಳ್ಳು ಹೇಳಬ್ಯಾಡ ಅಂತ."

ಲಾಲಪ್ಪ ಬಾಗಲದಾಗ ನಿಂತಿದ್ದ. ಕಡಿಮಿ ಮಾತಿನ ಮನುಷ್ಯ. "ಪ್ಲಗ್ ಕಿತ್ತಾಂವ ನಾನ" ಅಂದ. "ಹುಡುಗಿ ಚೀರಿದ್ದು ಕೇಳಿ ಹಿತ್ತಲದಿಂದ ಓಡಿ ಬಂದೆ. ಒಮ್ಮಿ ಎಳದು ನಿಂತ್ತು, ಮತ್ತ ಎಳೀತು. ಮತ್ತ ನಿಂತು ಮತ್ತ ಎಳೀತು. ಮೂರು ಸಲ. ದೆವ್ವ ಬಡದಂಗ."

ಮೂರು ಸಲ. ಉಮೆಸಲ್ಮಾ ಮಷೀನಿನ ಕಡೆ ತಿರುಗಿ ನೋಡಿದ್ಳು. ಕಂಪ್ಯಾರೇಟರ್ ತನ್ನ ಕೆಲಸ ತಪ್ಪದ ಮಾಡಿತ್ತು. ಬೆರಳು ಸಿಕ್ಕ ಪ್ರತಿ ಸಲ ಪಿಡಬ್ಲ್ಯುಎಂ ಬಂದ್ ಮಾಡಿ ರೋಲರ್ ನಿಲ್ಲಿಸಿತ್ತು. ಪ್ರತಿ ಸಲ ಮೂರು ಸೆಕೆಂಡಿಗೆ ಅಕಿ ಬರೆದ ಸಾಲು ಅದನ್ನ ಎಬ್ಬಿಸಿತ್ತು.

ನೋಡ್ರಿ, ಆ ಹೊತ್ತಿನಾಗ ಅಕಿ ಸುಮ್ಮನ ಇದ್ದಿದ್ರ ಯಾರಿಗೂ ಏನೂ ಗೊತ್ತಾಗ್ತಿರಲಿಲ್ಲ. ಸಪ್ಪಗ ಬಟನ್ ಹಾಕಿ, "ಹುಷಾರ್ ಇರ್ರಿ" ಅಂತ ಹೇಳಿ ಬಸ್ ಹತ್ತಬಹುದಿತ್ತು. ಮನಿಯವರ ಬಾಯಿಲೇನ ಮಷೀನ್ ಛಲೋ ಐತಿ ಅಂತ ಬಂದಿತ್ತು. ಆ ಯೋಚನಿ ಅಕಿಗೆ ಬರಲಿಲ್ಲ ಅಂದ್ರ ಸುಳ್ಳಾದೀತು. ಬಂತು. ಅಪ್ಪನ ಅಂಗಡಿ ನೆನಪಾತು, ಸಗರದವರು ನೆನಪಾದ್ರು, "ಹೆಣ್ಣುಮಗಳು ಕಟ್ಟಿದ ಮಷೀನ್, ಇನ್ನ ಹೆಂಗ ಇದ್ದೀತು" ಅನ್ನೋ ನಾಲಿಗಿ ಎಲ್ಲಾ ನೆನಪಾದ್ವು. ಕಣ್ಣು ಹೋಗಿ ಮತ್ತ ಆ ಬಿಳಿ ಪಟ್ಟಿ ಮ್ಯಾಲ ಕುಂತ್ವು.

"ದೇವಿಕಾ ಹೇಳಿದ್ದು ಖರೇ ಐತ್ರಿ" ಅಂದ್ಳು. "ಮಷೀನ್ ನಿಂತಿತ್ತು. ತಾನ ಎದ್ದು ಹಿಡದೈತಿ. ಏಳು ಅಂತ ಹೇಳಿದಾಕಿ ನಾನು. ಸೋಮವಾರ ನಾನ ಬಂದು ಹಾಕಿ ಹೋದ ಪ್ರೋಗ್ರಾಮು ಅದು. ಫೋನಿಂದೇನೂ ತಪ್ಪಿಲ್ಲ, ಅಕಿದೂ ತಪ್ಪಿಲ್ಲ. ತಪ್ಪು ನಂದು."

ಹಂಚಿನ ಮ್ಯಾಲ ಒಂದು ರೊಟ್ಟಿ ಕರಕಾಗಿ ವಾಸನಿ ಬಂತು, ಯಾರೂ ಏಳಲಿಲ್ಲ. ಅಮೃತಮ್ಮ ಸೊಸಿಯ ಪಟ್ಟಿ ಕಟ್ಟಿದ ಕೈ ನೋಡಿದ್ಳು. ಬಟನ್ ತಗಿ ಅಂತ ಬೆನ್ನು ಹತ್ತಿದಾಕಿ ತಾನು, ಅದು ಅಕಿಗೂ ನೆನಪಾಗಿರಬೇಕು.

ಉಮೆಸಲ್ಮಾ ಲ್ಯಾಪ್‌ಟಾಪ್ ತೆರೆದು ಆ ಸಾಲು ಅಳಿಸಿದ್ಳು. ಹಳೇ ಪ್ರೋಗ್ರಾಮ್ ಹಾಕಿದ್ಳು, ಕೆಂಪು ಬಟನ್ ಮತ್ತ ಕೂಡಿಸಿದ್ಳು. ಹಿಟ್ಟು ಹೊಗಬಾರದು ಅಂತ ಅದಕ್ಕ ಸದ್ಯಕ್ಕ ಒಂದು ಪ್ಲಾಸ್ಟಿಕ್ ಹಾಳಿ ಕಟ್ಟಿದ್ಳು. ಮೊಣಕೈಲೆ ಒತ್ತಬಹುದು, ಈ ಸಣ್ಣ ಉಪಾಯ ಮೊನ್ನೇನ ಹೊಳೀಲಿಲ್ಲಲ್ಲ ಅಂತ ತನ್ನ ತಲಿ ತಾನ ಬಡಕೋಬೇಕು ಅನಿಸ್ತು. ಸಿಕ್ಕಿದ್ದ ಹಿಟ್ಟು ತಗದು, ಪ್ಲಗ್ ಹಾಕಿ, ನೆಲದ ಮ್ಯಾಲಿನ ಆರಿದ ಹಿಟ್ಟಿನ ಒಂದು ದಪ್ಪ ಉಂಡಿ ರೋಲರಿಗೆ ಕೊಟ್ಳು. ಮಷೀನ್ ಗಪ್ ಅಂತು.

ಯಾರೂ ಹೇಳದ, ತನ್ನ ಬಲಗೈಯ ನಾಕು ಬೆರಳು ರೋಲರಿನ ಬಾಯಿಗೆ ಹಚ್ಚಿದ್ಳು.

"ಎಣಸ್ರಿ" ಅಂದ್ಳು ಲಾಲಪ್ಪಗ.

"ಬ್ಯಾಡವ್ವ..."

"ಎಣಸ್ರಿ ಕಾಕಾ."

ಲಾಲಪ್ಪ ಎಣಸಾಕ ಹತ್ತಿದ. ಒಂದು, ಎರಡು, ಮೂರು. ಮೂರಕ್ಕ ಉಮೆಸಲ್ಮಾಳ ಕಣ್ಣು ತಾವ ಮುಚ್ಚಿದ್ವು. ಸಾಲು ಅಳಿಸಿದ್ದು ಖರೇ ಏನು? ಅಳಿಸಿ ಚಿಪ್ಪಿಗೆ ಹಾಕಿದ್ನೋ, ಲ್ಯಾಪ್‌ಟಾಪಿನಾಗ ಅಷ್ಟ ಉಳೀತೋ? ನೋಡಿದ್ದೆ. ನೋಡಿದ್ನೇನು? ಬೆವರು ಕುತ್ತಿಗಿಯಿಂದ ಇಳಿದು ಬೆನ್ನಿಗೆ ಹೋತು. ನಾಕು, ಐದು. ರೋಲರ್ ಮಿಸುಕಲಿಲ್ಲ. ಇಪ್ಪತ್ತಕ್ಕ ಲಾಲಪ್ಪ ನಿಲ್ಲಿಸಿದ.

"ಸಾಕು, ತಗಿಯವ್ವ. ನಂಬಿದ್ವಿ."

"ಎಣಸ್ರಿ ಮಾವ" ಅಂತು ಮೂಲಿಯೊಳಗಿಂದ ಒಂದು ದನಿ. ದೇವಿಕಾ ಎದ್ದು ನಿಂತಿದ್ಳು. "ನಿಲ್ಲಿಸಬ್ಯಾಡ್ರಿ."

ಲಾಲಪ್ಪ ಮತ್ತ ಎಣಿಸಿದ. ನಲವತ್ತು, ಐವತ್ತು. ಅಮೃತಮ್ಮ ಸೆರಗು ಬಾಯಿಗೆ ಇಟ್ಟುಕೊಂಡಿದ್ಳು. ದೇವಿಕಾ ಸಾವಕಾಶ ನಡದು ಹೋಗಿ ಸಂದೂಕ ತೆರೆದು, ಎಡಗೈಲೆ ಫೋನ್ ತಗದು, ಚಾಲೂ ಮಾಡಿ, ಒಂದು ನಂಬರಿಗೆ ಹಚ್ಚಿದ್ಳು. ಎಂಬತ್ತಕ್ಕ ಆ ಕಡೆ ಫ್ಯಾಕ್ಟರಿ ಸಪ್ಪಳದಾಗ "ಹಲೋ, ಅವ್ವಾ?" ಅಂತ ಮರಿಲಿಂಗನ ದನಿ ಕೇಳಿಸ್ತು. ಲಾಲಪ್ಪ ಎಣಿಸೋದು ನಿಲ್ಲಿಸಿದ.

ದೇವಿಕಾ ಫೋನ್ ತಂದು ಉಮೆಸಲ್ಮಾಳ ಬಾಯಿ ಹತ್ರ ಹಿಡಿದ್ಳು.

"ಈಗ ನನಗ ಹೇಳಿದ್ರಲ್ಲ, ಅದನ್ನ ಇವರಿಗೂ ಹೇಳ್ರಿ ಅಕ್ಕಾ" ಅಂದ್ಳು. "ಹೇಳಿ ಮುಗಿಯೋತನಕ ಕೈ ತಗೀಬ್ಯಾಡ್ರಿ."

ಉಮೆಸಲ್ಮಾ ಕೈ ತಗೀಲಿಲ್ಲ. ಮೊದಲಿಂದ ಕಡೀತನಕ, ಒಂದೂ ಬಿಡದ ಹೇಳಿದ್ಳು.